ಅಕ್ಷರ ಮೊದಲು, ಅಂಕಿ ಆಮೇಲೆ

1998ರ ಆಗಸ್ಟ್ 14ರ ಶುಕ್ರವಾರ ಮಧ್ಯಾಹ್ನ, ಪಿಂಪ್ರಿಯ ಆಚೆ ಮುಂಬೈ ರಸ್ತೆಯಲ್ಲಿದ್ದ ಒಂದು ಎರಕದ ಕಾರ್ಖಾನೆಯ ಸೂಚನಾ ಫಲಕದ ಮುಂದೆ ನಿಂತು ನಾನು ಒಂದು ಪಟ್ಟಿಯನ್ನು ಓದಿದೆ. ಕಾರ್ಮಿಕರ ಗೃಹ ಯೋಜನೆಗೆ ಮಾಡಿದ ಸೇವಾ ಹಿರಿತನದ ಪಟ್ಟಿ ಅದು. ಅದರಲ್ಲಿ 41 ಹೆಸರುಗಳು ಇರಲಿಲ್ಲ. ಅದನ್ನು ಅಚ್ಚು ಹಾಕಿದ್ದು ಮುಂಬೈಯ ಒಂದು ಮೇನ್‌ಫ್ರೇಮ್, ಎಂದರೆ ಕೋಣೆ ತುಂಬುವ ದೊಡ್ಡ ಕಂಪ್ಯೂಟರ್. ಅಚ್ಚು ಹಾಕಿಸಿದ ಪ್ರೋಗ್ರಾಮನ್ನು ಬರೆದವನು ನಾನು. ಬರೆದದ್ದು ಸದಾಶಿವ ಪೇಠದ ಬಾಡಿಗೆ ಕೋಣೆಯಲ್ಲಿ, ಒಂದು ಪಿಸಿಯ ಮೇಲೆ.

ಆ ಕೋಣೆಯಲ್ಲಿ ಆ ಕೆಲಸ ಹೇಗೆ ಸಾಧ್ಯವಾಯಿತು ಎಂಬುದನ್ನು ಮೊದಲು ಹೇಳಬೇಕು. ಈಗ ಈ ವೃತ್ತಿಗೆ ಬರುವವರಿಗೆ ಅದು ನಂಬಲು ಕಷ್ಟ.

ನಾನು ಬಾಗಲಕೋಟೆಯ ಕಡೆಯವನು. ಓದು ಮುಗಿಸಿ ಎರಡು ವರ್ಷ ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಮಾಡಿದೆ. ಮೊದಲ ಪ್ರತಿ ಯಂತ್ರದಿಂದ ಹೊರಬಿದ್ದ ಕೂಡಲೇ ಒಬ್ಬರು ಅದನ್ನು ಹಿಡಿದು, ಮೇಲಿನ ದಿನಾಂಕದಿಂದ ಕೆಳಗಿನ ಮುದ್ರಕರ ಹೆಸರಿನವರೆಗೆ ಓದಬೇಕು ಎಂಬ ಪದ್ಧತಿ ಅಲ್ಲಿತ್ತು. ಆಮೇಲೆ ಪುಣೆಗೆ ಬಂದು ಒಂದು ದೊಡ್ಡ ಸಂಸ್ಥೆಯ ಕಂಪ್ಯೂಟರ್ ವಿಭಾಗ ಸೇರಿ ಕೋಬಾಲ್ ಎಂಬ ಪ್ರೋಗ್ರಾಂ ಭಾಷೆ ಕಲಿತೆ. ಕಲಿಸಿದವರು ಧಾರವಾಡದ ಇನಾಮದಾರರು. ಆಗ ನಮಗೆ ಯಂತ್ರ ಸಿಗುತ್ತಿದ್ದದ್ದು ದಿನಕ್ಕೆ ಒಂದು ಸಲ. ಚೌಕದ ಹಾಳೆಯ ಮೇಲೆ ಪೆನ್ಸಿಲಿನಿಂದ ಪ್ರೋಗ್ರಾಂ ಬರೆದು ಸಂಜೆ ಒಪ್ಪಿಸಿದರೆ ಮರುದಿನ ಬೆಳಿಗ್ಗೆ ತಪ್ಪುಗಳ ಪಟ್ಟಿ ಬರುತ್ತಿತ್ತು. ಒಂದು ಚುಕ್ಕೆ ಬಿಟ್ಟರೆ ಒಂದು ದಿನ ಹೋಯಿತು. ಹಾಳೆಯನ್ನು ಒಪ್ಪಿಸುವ ಮೊದಲು ಇನಾಮದಾರರು ನಮ್ಮನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು.

“ಓದು. ಗಟ್ಟಿಯಾಗಿ ಓದು. ನೀನೇ ಮಶೀನ್ ಅಂತ ತಿಳ್ಕೊಂಡು ಓದು.”

1994ರಲ್ಲಿ ಆ ಸಂಸ್ಥೆ ವಿಭಾಗವನ್ನು ಮುಚ್ಚಿತು. ಇನಾಮದಾರರು ಮುಂಬೈಯ ಒಂದು ಗಣಕ ಕೇಂದ್ರಕ್ಕೆ ಹೋದರು. ಸ್ವಂತ ಯಂತ್ರ ಇಲ್ಲದ ಕಾರ್ಖಾನೆಗಳಿಗೆ ಮೇನ್‌ಫ್ರೇಮಿನ ವೇಳೆಯನ್ನು ಗಂಟೆ ಲೆಕ್ಕದಲ್ಲಿ ಕೊಡುತ್ತಿದ್ದ ಕೇಂದ್ರ ಅದು. ನಾನು ಪುಣೆ ಬಿಡಲಿಲ್ಲ. ಕೈಯಲ್ಲಿ ಮೇನ್‌ಫ್ರೇಮಿನ ವಿದ್ಯೆ ಇತ್ತು, ಮೇನ್‌ಫ್ರೇಮ್ ಇರಲಿಲ್ಲ.

ಪಿಸಿಯ ಮೇಲೆ ಕೋಬಾಲ್ ಬರೆದು ಪರೀಕ್ಷಿಸಿ, ಮುಗಿದ ಮೇಲೆ ದೊಡ್ಡ ಯಂತ್ರಕ್ಕೆ ಸಾಗಿಸುವ ಉಪಕರಣಗಳು ಆಗಲೇ ಇದ್ದವು. ಹೆಸರಾಂತ ಕಂಪನಿಗಳು ಮಾರುತ್ತಿದ್ದವುಗಳ ಬೆಲೆ ಬ್ಯಾಂಕುಗಳಿಗೇ ಸರಿ. ಒಬ್ಬಂಟಿಯ ಕೈಗೆ ಎಟುಕುವಂಥವು ಬೇರೆ ದಾರಿಯಿಂದ ಬರುತ್ತಿದ್ದವು. ಅಪ್ಪಾ ಬಳವಂತ ಚೌಕದ ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಒಂದು ಅಮೆರಿಕನ್ ಪತ್ರಿಕೆಯ ಹಿಂಪುಟದಲ್ಲಿ ಸಣ್ಣ ಜಾಹೀರಾತು ನೋಡಿದೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಿದ್ದ ಕಂಪನಿ. ಅವರ ಕೋಬಾಲ್ ಕಂಪೈಲರ್, ಎಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಸಾಧನ, ಮೂರು ಫ್ಲಾಪಿಗಳಲ್ಲಿ ಅಂಚೆಯಲ್ಲಿ ಬಂತು. ಜೊತೆಗೆ ಟೈಪು ಮಾಡಿ ತಂತಿಯ ಸುರುಳಿಯಲ್ಲಿ ಕಟ್ಟಿದ ಕೈಪಿಡಿ. ಮೇನ್‌ಫ್ರೇಮಿನ ಪರದೆಯಂತೆಯೇ ಕಾಣುವ ಎಡಿಟರನ್ನು ಯಾರೋ ಪುಣ್ಯಾತ್ಮ ಪುಕ್ಕಟೆ ಹಂಚಿದ್ದ. ಮಿಕ್ಕ ಸಣ್ಣಪುಟ್ಟ ಸಾಧನಗಳನ್ನು ನಾನೇ ಬರೆದುಕೊಂಡೆ. ಮೊದಲ ವಾರ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ದಿನಕ್ಕೆ ಒಂದು ಸಲ ಸಿಗುತ್ತಿದ್ದದ್ದು ಈಗ ನಿಮಿಷಕ್ಕೊಂದು ಸಲ ಸಿಗುತ್ತಿತ್ತು.

ಮೊದಲ ಎಡವಟ್ಟು ಬೇಗನೇ ಆಯಿತು. ಮಾರ್ಕೆಟ್ ಯಾರ್ಡಿನ ಒಂದು ಸಾಗಣೆ ಕಂಪನಿಯ ಲಾರಿಗಳ ದಾಖಲೆಯನ್ನು ಮುಂಬೈಯಿಂದ ಪಿಸಿಗೆ ಇಳಿಸಿಕೊಂಡಾಗ, ಅಕ್ಷರಗಳ ಜೊತೆಗೆ, ಮೇನ್‌ಫ್ರೇಮ್ ಜಾಗ ಉಳಿಸಲು ಒತ್ತಿ ಕೂಡಿಸಿಟ್ಟ ಸಂಖ್ಯೆಗಳನ್ನೂ ಅಕ್ಷರಗಳೆಂದೇ ಅನುವಾದ ಮಾಡಿಸಿಬಿಟ್ಟೆ. ಪುಣೆಯಿಂದ ಸೊಲ್ಲಾಪುರಕ್ಕೆ ಹೋದ ಒಂದು ಲಾರಿ ಎಂಟು ಲಕ್ಷ ಕಿಲೋಮೀಟರ್ ಓಡಿತ್ತು.

“ದೇಸಾಯ್ರ, ಚಂದ್ರಲೋಕದ ಬಾಡಿಗಿ ಬ್ಯಾರೆ ಹಚ್ಚಬೇಕ್ರಿ,” ಎಂದು ಅಲ್ಲಿನ ಗುಮಾಸ್ತರು ನಕ್ಕರು. ಅವರೂ ವಿಜಯಪುರದ ಕಡೆಯವರು. ಕಣ್ಣಿಗೆ ರಾಚುವ ತಪ್ಪು ಅಪಾಯದ್ದಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ.

1997ರ ಕೊನೆಗೆ ಎರಕದ ಕಾರ್ಖಾನೆಯ ಕೆಲಸ ಬಂತು. ಅಲ್ಲಿನ ಸಿಬ್ಬಂದಿ ವಿಭಾಗದ ಮುಖ್ಯಸ್ಥರು ಬಾಪಟ್ ಸಾಹೇಬರು, ಮಾತು ಕಡಿಮೆಯ ಮರಾಠಿ ಮನುಷ್ಯ. ಅವರ ಹಳೆಯ ಪ್ರೋಗ್ರಾಮುಗಳೆಲ್ಲ ವರ್ಷವನ್ನು ಎರಡೇ ಅಂಕಿಯಲ್ಲಿ ಇಡುತ್ತಿದ್ದವು. 2000 ಬರುವುದರೊಳಗೆ ಅವನ್ನು ತಿದ್ದಬೇಕಿತ್ತು. ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿ ಅದೇ ಕೆಲಸಕ್ಕೆ ಹತ್ತು ಜನರನ್ನು ಕಳಿಸುತ್ತೇನೆ ಎಂದಿತ್ತು. ಮನೆಯ ಪಿಸಿಯಲ್ಲಿ ಕುಳಿತು ಮೇನ್‌ಫ್ರೇಮಿನ ಕೆಲಸ ಮಾಡುವುದು ಆಟದ ಮಾತು ಎಂದೂ ಹೇಳಿತ್ತು. ಬಾಪಟರು ನನಗೆ ಒಂದು ಪ್ರೋಗ್ರಾಂ ಕೊಟ್ಟು ನೋಡುತ್ತೇನೆಂದರು. ಅದೇ ಹಿರಿತನದ ಪಟ್ಟಿ.

ಪಾಠವಾಗುವ ಭಾಗ ಇದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಎರಡಂಕಿಯ ವರ್ಷ 70ರಿಂದ 99ರ ಒಳಗಿದ್ದರೆ ಅದರ ಎಡಕ್ಕೆ 19 ಸೇರಿಸು, 00ಯಿಂದ 69ರ ಒಳಗಿದ್ದರೆ 20 ಸೇರಿಸು ಎಂಬುದು ಆಗಿನ ರೂಢಿಯ ಉಪಾಯ. ಆದರೆ ಆ ಕಾರ್ಖಾನೆಯಲ್ಲಿ 1970ಕ್ಕೆ ಮೊದಲು ಸೇರಿದ ಕೆಲವರು ಇನ್ನೂ ಕೆಲಸದಲ್ಲಿದ್ದರು. 67ರಲ್ಲಿ ಸೇರಿದವನನ್ನು 2067ರಲ್ಲಿ ಸೇರಿದವನೆಂದು ಯಂತ್ರ ತಿಳಿಯಬಾರದು. ಅವರನ್ನು ಗುರುತಿಸುವುದು ಸುಲಭವಿತ್ತು. ಹಳಬರ ಹಿತ್ತಾಳೆಯ ಬಿಲ್ಲೆಯ ಮೇಲಿನ ಸಂಖ್ಯೆ ಇಂಗ್ಲಿಷ್ ಅಕ್ಷರದಿಂದ ಆರಂಭವಾಗುತ್ತಿತ್ತು. ಆಮೇಲೆ ಬಂದವರದು ಬರೀ ಅಂಕಿ. ಹಾಗಾಗಿ ನಾನು ಒಂದು ಸಾಲು ಸೇರಿಸಿದೆ: ಬಿಲ್ಲೆಯ ಮೊದಲ ಚಿಹ್ನೆ ಯಂತ್ರದ ಕ್ರಮದಲ್ಲಿ 9ರ ಆಮೇಲೆ ಬರುವುದಾದರೆ ಅದು ಅಕ್ಷರ, ಇವನು ಹಳಬ, 19 ಸೇರಿಸು. ನನ್ನ ಪಿಸಿಯಲ್ಲಿ ಇಪ್ಪತ್ತು ಸಲ ಓಡಿಸಿದೆ. ಹಳಬರು ಪಟ್ಟಿಯ ತಲೆಯಲ್ಲಿ ಸರಿಯಾಗಿ ಬಂದರು. ಫ್ಲಾಪಿ ಮುಂಬೈಗೆ ಹೋಯಿತು, ಪಟ್ಟಿ ಅಚ್ಚಾಯಿತು, ಸೋಮವಾರ ಫಲಕಕ್ಕೆ ಏರಿತು.

ಶುಕ್ರವಾರ ನಾನು ಕಾರ್ಖಾನೆಗೆ ಹೋದದ್ದು ಹುಬ್ಬಳ್ಳಿಯ ಅಭ್ಯಾಸದಿಂದ. ನಾನು ಮಾಡಿದ್ದನ್ನು ಜನ ಓದುವ ಜಾಗದಲ್ಲಿ ನಿಂತು ಒಮ್ಮೆ ಓದದಿದ್ದರೆ ಸಮಾಧಾನ ಇರುವುದಿಲ್ಲ. ಫಲಕದ ಮುಂದೆ ಒಬ್ಬ ಹಿರಿಯರು ನಿಂತಿದ್ದರು. ಮರಾಠಿಯಲ್ಲಿ ಏನೋ ಕೇಳಿದರು, ನಾನು ಉತ್ತರಿಸಿದೆ. ನನ್ನ ಮರಾಠಿ ಕೇಳಿ ಅವರು ತಿರುಗಿ ನೋಡಿದರು.

“ನೀವು ನಮ್ಮ ಕಡೀಯವ್ರೇನ್ರಿ?”

“ಹೌದ್ರಿ. ಬಾಗಲಕೋಟಿ.”

“ಚಲೋ ಆತು. ನಾ ಆಳಂದದವ್ರಿ, ಶರಣಪ್ಪ. ಸ್ವಲ್ಪ ಸಿ ನಾಕನೂರಾ ಹದಿನೇಳು ಎಲ್ಲೈತಿ ನೋಡ್ರಿ. ನನಗ ಅಂಕಿ ಬರ್ತಾವ. ಚಾಳೀಸು ಮನ್ಯಾಗ ಬಿಟ್ಟೀನಿ.”

ನೋಡಿದೆ. ಇರಲಿಲ್ಲ. ಮತ್ತೊಮ್ಮೆ ಮೇಲಿನಿಂದ ನೋಡಿದೆ.

“ಇಲ್ಲೇನ್ರಿ? ಸೋಮವಾರದಿಂದ ನಾಕು ಮಂದಿ ಕಡೆ ಓದಿಸೀನಿ. ಯಾರಾರ ಒಬ್ಬರು ಅದ ಅಂತಾರೇನು ಅಂತ ನೋಡಾಕತ್ತೀನಿ.”

“ಆಫೀಸಿನ್ಯಾಗ ಕೇಳಿದ್ರೇನು?”

“ಕೇಳಿದೆ. ಕಂಪ್ಯೂಟರ್ ಹೆಸರು ಬಿಟ್ಟಿದ್ರ ಅದಕ್ಕೊಂದು ಕಾರಣ ಇರತೈತಿ, ಅದು ತಪ್ಪು ಮಾಡಂಗಿಲ್ಲ ಕಾಕಾ ಅಂದ ಆ ಪೋರ ಗುಮಾಸ್ತ. ಇದೇ ಮೂವತ್ತೊಂದಕ್ಕ ನಂದು ರಿಟೈರ್ ಅದರಿ. ಮನಿ ಹಂಚೋ ಕಮಿಟಿ ಸೋಮವಾರ ಹನ್ನೆರಡಕ್ಕ ಕೂಡತೈತಿ. ರಿಟೈರ್ ಆದಮ್ಯಾಗ ನಾ ಕಾಮಗಾರನೇ ಅಲ್ಲ, ಹಕ್ಕೂ ಇಲ್ಲ. ತಗಡಿನ ಪತ್ರಾಸ್ ಶೆಡ್ಡಿನ್ಯಾಗ ಮೂವತ್ತೊಂದು ವರ್ಷ ಕಳೆದೀನ್ರಿ. ನಮ್ಮಾಕಿ ಆಗಲೇ ಹೊಸ ಮನಿಗೆ ಖಾರ ಕುಟ್ಟೋ ಕಲ್ಲಿನ ಒಳ್ಳ ಒಂದು ತಂದಿಟ್ಟಾಳ. ಶೆಡ್ಡಿನ್ಯಾಗ ಅದನ್ನ ಇಡಾಕೂ ಜಾಗ ಇಲ್ಲ, ಅದರ ಮ್ಯಾಲೇ ಕೂತು ಉಣ್ಣತೀವಿ.”

ಕಿಸೆಯಿಂದ ಬಿಲ್ಲೆ ತೆಗೆದು ತೋರಿಸಿದರು. ಹಿತ್ತಾಳೆ ತಿಕ್ಕಿ ತಿಕ್ಕಿ ಅಂಚು ಸವೆದಿತ್ತು. ನಾನು ಮತ್ತೆ ಪಟ್ಟಿ ನೋಡಿದೆ. ಈ ಸಲ ಹೆಸರು ಹುಡುಕಲಿಲ್ಲ, ಬಿಲ್ಲೆಯ ಸಂಖ್ಯೆಗಳ ಸಾಲನ್ನು ಮಾತ್ರ ಕೆಳಗಿನವರೆಗೆ ಓದಿದೆ. ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇಡೀ ಪಟ್ಟಿಯಲ್ಲಿ ಒಂದೂ ಇರಲಿಲ್ಲ.

“ಸೋಮವಾರದೊಳಗ ನೋಡ್ತೀನ್ರಿ,” ಎಂದೆ.

“ನೀವು ಏನು ನೋಡ್ತೀರಿ? ನೀವೂ ನಮ್ಮಂಗ ಹೊರಗಿನವ್ರೇ,” ಎಂದರು. ನಾನು ಯಾರೆಂದು ಹೇಳಲಿಲ್ಲ.

ನಾಲ್ಕೂವರೆಗೆ ಕೋಣೆ ತಲುಪಿ ಪ್ರೋಗ್ರಾಂ ಓಡಿಸಿದೆ. ನನ್ನ ಪಿಸಿಯಲ್ಲಿ ಸಿ-417 ಆರನೆಯ ಸ್ಥಾನದಲ್ಲಿ ಬಂತು. ಮತ್ತೆ ಓಡಿಸಿದೆ, ಮತ್ತೆ ಬಂತು. ಅದೇ ಪ್ರೋಗ್ರಾಂ, ಅದೇ ಮಾಹಿತಿ. ಇಲ್ಲಿ ಇರುವ ಮನುಷ್ಯ ಅಲ್ಲಿ ಇಲ್ಲ. ಎದ್ದು ಓಡಾಡಿದೆ. ಕೆಳಗೆ ಕ್ಲಾಸು ಬಿಟ್ಟ ಹುಡುಗರ ಸ್ಕೂಟರುಗಳ ಗದ್ದಲ. ಕಿಟಕಿ ಮುಚ್ಚಿದೆ, ಸೆಕೆಯಾಯಿತು, ತೆರೆದೆ. ಕೊನೆಗೆ ಟ್ರಂಕಿನ ತಳದಿಂದ ಹಳೆಯ ನೌಕರಿಯ ಹಳದಿ ಕಾರ್ಡನ್ನು ತೆಗೆದೆ. ಮೇನ್‌ಫ್ರೇಮ್ ಒಂದೊಂದು ಚಿಹ್ನೆಗೂ ಕೊಡುವ ಕ್ರಮಸಂಖ್ಯೆಯ ಕೋಷ್ಟಕ ಅದರಲ್ಲಿತ್ತು. ಪಿಸಿಯಲ್ಲಿ ಅಂಕಿಗಳು ಮೊದಲು, ಅಕ್ಷರಗಳು ಆಮೇಲೆ. ಮೇನ್‌ಫ್ರೇಮಿನಲ್ಲಿ ಅಕ್ಷರ ಮೊದಲು, ಅಂಕಿ ಆಮೇಲೆ. ಅಲ್ಲಿ 9ರ ಆಮೇಲೆ ಯಾವ ಅಕ್ಷರವೂ ಇಲ್ಲ. ನನ್ನ ಸಾಲು ಅಲ್ಲಿ ಯಾರನ್ನೂ ಹಳಬನೆಂದು ಗುರುತಿಸಲಿಲ್ಲ. ಶರಣಪ್ಪನವರು 2067ರಲ್ಲಿ ಸೇರಲಿರುವ ನೌಕರರಾದರು. ಇನ್ನೂ ಸೇರದವರನ್ನು ಪ್ರೋಗ್ರಾಂ ಪಟ್ಟಿಯಿಂದ ಕೈಬಿಟ್ಟಿತ್ತು.

ಇದನ್ನು ನಾನು ಹನ್ನೆರಡು ವರ್ಷ ಮೊದಲೇ ಕಲಿತಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ನಾಲ್ಕು ವರ್ಷ ಪಿಸಿಯ ಮುಂದೆ ಕುಳಿತದ್ದರಿಂದ ಅದು ಕೈಯಿಂದ ಜಾರಿತ್ತು.

ತಪ್ಪನ್ನು ಗಣಕ ಕೇಂದ್ರದ ಮೇಲೆ ಹಾಕಬಹುದಿತ್ತು, ಬಾಪಟರಿಗೆ ತಿಳಿಯುತ್ತಿರಲಿಲ್ಲ. ಆರು ಗಂಟೆಗೆ ಮೊದಲು ಅವರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ.

“ಕಾಯ್ ಹೋ ದೇಸಾಯಿ,” ಎಂದು ಶುರುಮಾಡಿ ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: “ಆ ಪಟ್ಟಿಗೆ ಸಹಿ ಹಾಕಿದವನು ನಾನು. ಪೆನ್ನಿನಿಂದ ಹೆಸರು ಸೇರಿಸಿದರೆ ಯೂನಿಯನ್ ಒಪ್ಪುವುದಿಲ್ಲ, ಯಾರೋ ತಮ್ಮವರನ್ನು ತುರುಕಿದರು ಎನ್ನುತ್ತಾರೆ. ಮುಂಬೈಯ ಆ ಯಂತ್ರದಿಂದಲೇ ಹೊಸ ಕಾಗದ ಬರಬೇಕು. ಸೋಮವಾರ ಹನ್ನೆರಡರೊಳಗೆ ಬಂದರೆ ಬದಲಿಸುತ್ತೇನೆ. ಬರದಿದ್ದರೆ ಹಳೆಯದೇ ಕಮಿಟಿಗೆ ಹೋಗುತ್ತದೆ.”

ಶನಿವಾರ ಆಗಸ್ಟ್ 15, ರಜೆ. ಬೆಳಿಗ್ಗೆಯೇ ಇನಾಮದಾರರಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ.

“ಮಾಳಗಿ ಮ್ಯಾಲ ಸಂಡಿಗಿ ಹಾಕಿದಂಗ ಮನ್ಯಾಗ ಕೂತು ಮೇನ್‌ಫ್ರೇಮ್ ಪ್ರೋಗ್ರಾಂ ಮಾಡತೀಯಲ್ಲೋ, ಇದೇ ಆಗೂದು,” ಎಂದರು. “ಬಾ. ಎರಡು ಗಂಟಿಗೆ ಒಂದು ತಾಸು ಖಾಲಿ ಅದ. ಅದರ ಮ್ಯಾಲ ಬ್ಯಾಂಕಿನವರು ಕೂಡತಾರ.”

ತಿದ್ದಿದ ಫ್ಲಾಪಿಯನ್ನು ಹಾಲಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯ ಒಳಗೆ ಇಟ್ಟುಕೊಂಡು ರೈಲು ಹತ್ತಿದೆ. ಲೋಣಾವಳಾದಲ್ಲಿ ಗಾಡಿ ನಿಂತಿತು. ಘಾಟಿನಲ್ಲಿ ಹಳಿಯ ಮೇಲೆ ಮಣ್ಣು ಬಿದ್ದಿತ್ತು. ಎಷ್ಟು ಹೊತ್ತು ಎಂದು ಯಾರಿಗೂ ಗೊತ್ತಿಲ್ಲ. ಚಿಕ್ಕಿ ಮಾರುವವರು ಎರಡು ಸಲ ಬಂದು ಹೋದರು. ಪ್ರತಿ ಹತ್ತು ನಿಮಿಷಕ್ಕೆ ಇಳಿದು ಸಿಗ್ನಲ್ ನೋಡಿ ಹತ್ತುತ್ತಿದ್ದೆ. ಎದುರು ಕುಳಿತಿದ್ದ ಹೆಂಗಸು ಕೊನೆಗೆ, “ಅಹೋ ಭಾವೂ, ನೀವು ಇಳಿದರೆ ಅದೇನು ಹಸಿರಾಗುತ್ತದೆಯೆ?” ಎಂದು ಕೇಳಿದಳು. ಮುಂಬೈ ತಲುಪಿದಾಗ ನಾಲ್ಕಾಗಿತ್ತು. ಯಂತ್ರದಲ್ಲಿ ಬ್ಯಾಂಕಿನವರಿದ್ದರು.

ಇನಾಮದಾರರು ಭಾನುವಾರ ಹನ್ನೊಂದಕ್ಕೆ ವೇಳೆ ಕೊಟ್ಟರು. ಅದಕ್ಕೆ ಮೊದಲು ಪ್ರೋಗ್ರಾಮನ್ನು ಉದ್ದ ಕಾಗದದ ಮೇಲೆ ಅಚ್ಚು ಹಾಕಿಸಿ ನನ್ನ ಮುಂದೆ ಇಟ್ಟರು.

“ಓದು.”

“ಸರ್, ಒಂದೇ ಸಾಲ್ರಿ. ಬದಲಿಸೀನಿ.”

“ಒಂದೇ ಸಾಲಂತ ನಿನಗ ಯಾರು ಹೇಳಿದ್ರು? ನಿನ್ನ ಪಿಸಿ ಹೇಳ್ತೇನು? ಗಟ್ಟಿಯಾಗಿ ಓದು.”

ನಲವತ್ತೊಂದು ವರ್ಷದ ನಾನು ಬೆರಳಿಟ್ಟು ಸಾಲು ಸಾಲಾಗಿ ಓದಿದೆ. ಹದಿಮೂರನೆಯ ಹಾಳೆಯಲ್ಲಿ, ನಿವೃತ್ತಿಗೆ ಉಳಿದ ತಿಂಗಳನ್ನು ಲೆಕ್ಕ ಹಾಕುವ ಕಡೆ, ಅದೇ ಹೋಲಿಕೆ ಇನ್ನೊಂದು ಸಲ ಇತ್ತು. ನಾನೇ ಬರೆದು ಮರೆತಿದ್ದೆ. ಅದು ಹಾಗೇ ಉಳಿದಿದ್ದರೆ 41 ಜನ ಪಟ್ಟಿಗೆ ಬಂದು, ಅಲ್ಲಿ ಇನ್ನೂ ಸೇರದವರೆಂದು ಮತ್ತೆ ಹೊರಗೆ ಹೋಗುತ್ತಿದ್ದರು. ಇನಾಮದಾರರು ಚಹಾ ತರಿಸಿದರು.

ಪ್ರೋಗ್ರಾಮಿನ ಓಟ ಮುಗಿದ ಮೇಲೆ ಅವರು ಕಾಗದದ ಕೊನೆಯ ಹಾಳೆ ಹರಿದು ಕೈಗೆ ಕೊಟ್ಟರು. ಎಷ್ಟು ಹೆಸರು ಒಳಗೆ ಹೋದವು, ಎಷ್ಟು ಹೊರಬಂದವು, ಎಷ್ಟು ಕೈಬಿಟ್ಟವು ಎಂದು ಯಂತ್ರ ತಾನೇ ಬರೆಯುವ ಹಾಳೆ ಅದು. ಕೈಬಿಟ್ಟದ್ದು ಸೊನ್ನೆ. ಹಿಂದಿನ ವಾರದ ಕೊನೆಯ ಹಾಳೆ ಅವರ ರದ್ದಿಯ ಡಬ್ಬಿಯಲ್ಲಿ ಇನ್ನೂ ಇತ್ತು. ಅದರಲ್ಲಿ ಕೈಬಿಟ್ಟದ್ದು 41 ಎಂದು ಅಚ್ಚಾಗಿತ್ತು. ಕಾರ್ಖಾನೆಗೆ ಪಟ್ಟಿ ಮಾತ್ರ ಹೋಗುತ್ತಿತ್ತು. ಆ ಹಾಳೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಸೋಮವಾರ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಬಾಪಟರ ಮೇಜಿನ ಮೇಲೆ ಪಟ್ಟಿ ಇಟ್ಟೆ. ಅವರು ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ಇಪ್ಪತ್ತು ನಿಮಿಷ ನೋಡಿ ಸಹಿ ಹಾಕಿದರು. ಹನ್ನೊಂದೂ ಕಾಲಿಗೆ ಹೊಸ ಪಟ್ಟಿ ಫಲಕಕ್ಕೆ ಏರಿತು. ಶರಣಪ್ಪನವರು ಅಲ್ಲೇ ಇದ್ದರು, ಚಾಳೀಸು ತಂದಿದ್ದರು.

“ಆರನೇದು,” ಎಂದರು. ಬೆರಳನ್ನು ಹೆಸರಿನ ಮೇಲಿಂದ ತೆಗೆಯಲಿಲ್ಲ. “ಮಶೀನ್ ತಪ್ಪು ಮಾಡಂಗಿಲ್ಲ ಅಂದಿದ್ರಲ್ಲರಿ?”

“ಮಶೀನ್ ಮಾಡಿಲ್ಲರಿ. ತಪ್ಪು ನಂದು. ಆ ಪ್ರೋಗ್ರಾಂ ಬರದವ ನಾನೇ.”

ಅವರು ಚಾಳೀಸಿನ ಮೇಲಿನಿಂದ ನನ್ನನ್ನು ನೋಡಿದರು. “ಅಂದ್ರ ಶುಕ್ರವಾರ ನನ್ನ ಕತಿ ಕೇಳಿಸ್ಕೊಂಡು ನಿಂತವ ನೀನಽ ಏನು?” ಬಹುವಚನ ಬಿಟ್ಟುಹೋಗಿತ್ತು. ಆಮೇಲೆ, “ಒಳ್ಳಿನ ಮ್ಯಾಲೆ ಕೂತು ಉಣ್ಣೂದನ್ನೂ ಹೇಳಿದ್ನಲ್ಲೋ ನಿನಗ,” ಎಂದರು.

ನೂರಿಪ್ಪತ್ತು ಮನೆಗಳಿದ್ದವು, ಪಟ್ಟಿಯ ಮೊದಲ ನೂರಿಪ್ಪತ್ತು ಜನರಿಗೆ. ಹೊಸ ಹೆಸರುಗಳು ತಲೆಯಲ್ಲಿ ಸೇರಿದ್ದರಿಂದ ಕೆಳಗಿನ 41 ಜನ ಹೊರಗೆ ಬಿದ್ದರು. ಒಂದು ವಾರ ಮನೆ ಸಿಕ್ಕಿತೆಂದು ತಿಳಿದವರು ಅವರು. ಅವರಲ್ಲೊಬ್ಬ, ಮೂವತ್ತರ ವಯಸ್ಸಿನವನು, ನನ್ನ ಅಂಗಿಯ ತೋಳು ಹಿಡಿದು, ಊರಿಗೆ ಫೋನ್ ಮಾಡಿ ಹೇಳಿಯಾಗಿದೆ, ಈಗ ಏನು ಹೇಳಲಿ ಎಂದು ಮರಾಠಿಯಲ್ಲಿ ಕೇಳಿದ. ಕಮಿಟಿ ಹನ್ನೆರಡಕ್ಕೆ ಕುಳಿತಿತು.

ಉಳಿದ ಪ್ರೋಗ್ರಾಮುಗಳು ನನಗೆ ಬರಲಿಲ್ಲ. ಬಾಪಟರು ಅವನ್ನು ಹತ್ತು ಜನರ ಕಂಪನಿಗೆ ಕೊಟ್ಟರು. ಹಾಗೆಂದು ಅವರೇ ಫೋನ್ ಮಾಡಿ ತಿಳಿಸಿದರು.

ಆ ತಿಂಗಳೇ ಅಮೆರಿಕದ ಗಂಡ ಹೆಂಡತಿಗೆ ಕಾಗದ ಬರೆದೆ. ನಿಮ್ಮ ಕಂಪೈಲರ್ ಮೇನ್‌ಫ್ರೇಮಿನ ಕ್ರಮವನ್ನು ಅನುಸರಿಸುವುದಿಲ್ಲ ಎಂದು ಸ್ವಲ್ಪ ಖಾರವಾಗಿಯೇ ಬರೆದಿದ್ದೆ. ಆರು ವಾರದ ಮೇಲೆ ಹೆಂಡತಿಯ ಸಹಿಯಿದ್ದ ಉತ್ತರ ಬಂತು. ಕೈಪಿಡಿಯ ಒಂದು ಪುಟದ ಸಂಖ್ಯೆ ಕೊಟ್ಟು, ಅಲ್ಲಿ ನೋಡಿ ಎಂದಿದ್ದರು. ನೋಡಿದೆ. ಪ್ರೋಗ್ರಾಮಿನ ತಲೆಯಲ್ಲಿ ಒಂದು ಸಾಲು ಬರೆದರೆ ಪಿಸಿಯೂ ಅಕ್ಷರವನ್ನು ಮೊದಲು, ಅಂಕಿಯನ್ನು ಆಮೇಲೆ ಇಟ್ಟು ಹೋಲಿಸುತ್ತದೆ. ಆ ಸೌಲಭ್ಯ ಮೊದಲ ದಿನದಿಂದಲೂ ಇತ್ತು. ಆ ಪುಟದವರೆಗೆ ನಾನು ಓದಿರಲಿಲ್ಲ.

ಅಗ್ಗದ ಉಪಕರಣದ ಬಗ್ಗೆ ನನ್ನನ್ನು ಕೇಳುವ ಹೊಸಬರಿಗೆ ಈ ಪ್ರಸಂಗವನ್ನು ಹೇಳುತ್ತೇನೆ. ಉಪಕರಣ ಅಗ್ಗವಾಗಿದ್ದರಿಂದ ಆದ ತಪ್ಪಲ್ಲ ಅದು. ದಿನಕ್ಕೆ ಒಂದೇ ಓಟ ಸಿಗುತ್ತಿದ್ದಾಗ ನಾವು ಓದುತ್ತಿದ್ದೆವು, ಓಟ ಪುಕ್ಕಟೆಯಾದಾಗ ಓದುವುದನ್ನು ಬಿಟ್ಟೆವು. 2000 ಕಳೆದ ಮೇಲೆ ಇಡೀ ಮೇನ್‌ಫ್ರೇಮನ್ನೇ ಪಿಸಿಯೊಳಗೆ ನಟಿಸಿ ತೋರಿಸುವ ಪುಕ್ಕಟೆ ಸಾಫ್ಟ್‌ವೇರ್ ಸಿಕ್ಕಿತು. ಕೆಲವು ಹವ್ಯಾಸಿಗಳು ಸೇರಿ ಬರೆದದ್ದು. ನನ್ನ ಕೋಣೆಯಲ್ಲಿ ಅದು ಮೊದಲ ಸಲ ಎದ್ದು ನಿಂತ ದಿನ ನಾನು ಓಡಿಸಿದ ಮೊದಲ ಪ್ರೋಗ್ರಾಂ ಹಿರಿತನದ ಪಟ್ಟಿಯದೇ, ತಿದ್ದದ ಹಳೆಯ ಪ್ರತಿ. ಕೈಬಿಟ್ಟದ್ದು 41 ಎಂದು ಬಂತು. ಆಮೇಲೆ ಒಂಬತ್ತು ವರ್ಷ ಕೆಲಸ ಮಾಡಿದೆ. ಪ್ರತಿ ಪ್ರೋಗ್ರಾಮನ್ನೂ ಕಾಗದದ ಮೇಲೆ ಗಟ್ಟಿಯಾಗಿ ಓದಿದ ಮೇಲೆಯೇ ಕಳಿಸಿದೆ. ಪಕ್ಕದ ಕೋಣೆಯವರು ನಾನು ಪಾರಾಯಣ ಮಾಡುತ್ತೇನೆಂದು ತಿಳಿದಿದ್ದರು.

ಶರಣಪ್ಪನವರು 1998ರ ಆಗಸ್ಟ್ 31ರಂದು ನಿವೃತ್ತರಾದರು. ಕಟ್ಟಡ ಮುಗಿಯಲು ಮೂರು ವರ್ಷ ಹಿಡಿಯಿತು. ಹೊರಗೆ ಬಿದ್ದ 41 ಜನರಿಗೆ ಎರಡನೆಯ ಕಟ್ಟಡದ ಭರವಸೆ ಕೊಡಲಾಗಿತ್ತು. ಅದು ಏಳಲಿಲ್ಲ. ನಿವೃತ್ತರಾದವರು ಬಿಲ್ಲೆಯನ್ನು ಗೇಟಿನಲ್ಲಿ ಹಿಂದಿರುಗಿಸಬೇಕು ಎಂಬ ನಿಯಮ ಕಾರ್ಖಾನೆಯಲ್ಲಿ ಈಗಲೂ ಇದೆ. 2009ರಲ್ಲಿ ಆ ಕಡೆ ಹೋದಾಗ ಮೊದಲ ಕಟ್ಟಡದ ಎರಡನೆಯ ಮಹಡಿಯ ಒಂದು ಬಾಗಿಲಿನ ಪಕ್ಕದಲ್ಲಿ ಕಲ್ಲಿನ ಒಳ್ಳು ಇತ್ತು. ಬಾಗಿಲಿಗೆ ಹೆಸರಿನ ಹಲಗೆ ಇರಲಿಲ್ಲ. ಆ ಜಾಗದಲ್ಲಿ ಅಂಚು ಸವೆದ ಹಿತ್ತಾಳೆಯ ಬಿಲ್ಲೆಯೊಂದನ್ನು ಎರಡು ಮೊಳೆಯಿಂದ ಹೊಡೆದಿದ್ದರು: ಸಿ-417.